ಬೆನ್ನು ಕತ್ತರಿಸದ ಬೈಂಡರಮ್ಮ

ಇಪ್ಪತ್ತಾರು ವರ್ಷ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು ಪುಸ್ತಕ ಹೊಲಿದ ಹೆಂಗಸಿಗೆ ಒಂದು ಸೋಮವಾರ ಬೆಳಿಗ್ಗೆ ಅವೇ ಪುಸ್ತಕಗಳ ಬೆನ್ನು ಕತ್ತರಿಸು ಅಂದರೆ ಅವಳಾದರೂ ಏನು ಮಾಡಬೇಕು? ಬೈಂಡರಮ್ಮ ಮೊದಲು ನಕ್ಕಳು. ಕಾರ್ಯದರ್ಶಿಗಳು ತಮಾಷೆಗೆ ಹೇಳುತ್ತಿದ್ದಾರೆ ಅಂದುಕೊಂಡಳು. ಆ ಮಹಾನುಭಾವರು ಹುಟ್ಟಿದಾಗಿನಿಂದ ಒಂದು ತಮಾಷೆ ಮಾಡಿದ್ದನ್ನು ಕಂಡವರಿಲ್ಲ ಅನ್ನುವುದು ಆಮೇಲೆ ನೆನಪಾಯಿತು.

“ನಾನೂರ ಎಂಬತ್ತು ಹಳೇ ಪುಸ್ತಕ. ನಿಮ್ಮ ಕಟಿಂಗ್ ಮಷೀನಿಗೆ ಕೊಟ್ಟು ಬೆನ್ನು ಕತ್ತರಿಸಿಬಿಟ್ರೆ ಹಾಳೆ ಬಿಡಿಬಿಡಿ ಆಗುತ್ತೆ, ಸರಸರ ಅಂತ ಸ್ಕ್ಯಾನ್ ಆಗುತ್ತೆ. ಎಲ್ಲಾ ಫೋನಲ್ಲೇ ಸಿಗುತ್ತೆ ಬೈಂಡರಮ್ಮ. ಕೂತಲ್ಲಿ ನಿಂತಲ್ಲಿ ಓದಬಹುದು,” ಅಂದರು ಕಾರ್ಯದರ್ಶಿಗಳು.

“ಒಳ್ಳೇದಾಯ್ತಲ್ಲ ಸಾರ್. ಆಮೇಲೆ ಆ ಹಾಳೆಗಳು?”

“ರದ್ದಿಗೆ.”

ಎಷ್ಟು ಸಲೀಸಾಗಿ ಅಂದುಬಿಟ್ಟರು! ಗ್ರಂಥಾಲಯದ ನಿಯಮದಲ್ಲಿ ಒಂದು ಸಾಲಿತ್ತು. ರಟ್ಟಿನೊಳಗೆ ಗಟ್ಟಿಯಾಗಿರುವ ಪುಸ್ತಕವನ್ನು ರದ್ದಿಗೆ ಹಾಕುವಂತಿಲ್ಲ, ಹೊಲಿಗೆ ಬಿಟ್ಟು ಹಾಳೆಹಾಳೆಯಾದದ್ದನ್ನು ಮಾತ್ರ ಹಾಕಬಹುದು. ಕತ್ತರಿ ಪ್ರಯೋಗ ಸ್ಕ್ಯಾನಿಗಷ್ಟೇ ಅಲ್ಲ, ಕಪಾಟು ಖಾಲಿ ಮಾಡುವುದಕ್ಕೂ ಹೌದು ಅನ್ನುವುದು ಅವಳಿಗೆ ಥಟ್ಟನೆ ಹೊಳೆಯಿತು. ಮೈಯೆಲ್ಲ ಉರಿದುಹೋಯಿತು.

“ನನ್ನ ಕೈಯಲ್ಲಿ ಆಗಲ್ಲ ಸಾರ್,” ಅಂದಳು, ಕಡ್ಡಿ ಮುರಿದ ಹಾಗೆ.

“ಆಗಲ್ಲ ಅಂದ್ರೆ?”

“ಆಗಲ್ಲ ಅಂದ್ರೆ ಆಗಲ್ಲ. ಫೋನಲ್ಲಿ ಓದೋದು ಬೇಡ ಅಂತ ನಾನೆಲ್ಲಿ ಅಂದೆ? ನನ್ನ ಮಗಳು ಬಸ್ಸಲ್ಲಿ ಕಾದಂಬರಿ ಓದೋದೇ ಫೋನಲ್ಲಿ. ಓದ್ಲಿ, ಚೆನ್ನಾಗಿರ್ಲಿ. ಆದ್ರೆ ಫೋಟೋ ತೆಗೆಸಿಕೊಂಡ ತಪ್ಪಿಗೆ ಮನುಷ್ಯನನ್ನ ಯಾರಾದ್ರೂ ಸಾಯಿಸ್ತಾರಾ ಸಾರ್? ನಾನು ಹೊಲಿಗೆ ಬಿಚ್ಚಿ ಕೊಡ್ತೀನಿ. ಸ್ಕ್ಯಾನ್ ಮಾಡಿಕೊಳ್ಳಿ. ವಾಪಸ್ಸು ಕೊಡಿ, ಮತ್ತೆ ಹೊಲೀತೀನಿ.”

ಒಂದು ಪುಸ್ತಕ ಕೈಯಲ್ಲಿ ಹೊಲಿಯಲು ಮುಕ್ಕಾಲು ಗಂಟೆಯಾದರೂ ಬೇಕೆಂದು ಕಾರ್ಯದರ್ಶಿಗಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಒಪ್ಪಿಕೊಂಡರು.

“ಆಗ್ಲಿ. ದಿನಕ್ಕೆ ನಲವತ್ತು. ಸಂಜೆ ಐದಕ್ಕೆ ರಟ್ಟು ಸೇರದೆ ಉಳಿದದ್ದು ಹಿಂದಿನ ಜಗಲಿಗೆ ಹೋಗುತ್ತೆ. ಹನ್ನೆರಡನೇ ದಿನ ರದ್ದಿ ಲಾರಿ ಬರುತ್ತೆ. ಆಮೇಲೆ ಅತ್ತು ಕರೆದು ಮಾಡಬಾರದು.”

ಮೊದಲ ದಿನ ಬೈಂಡರಮ್ಮ ಊಟಕ್ಕೂ ಏಳಲಿಲ್ಲ. ರಟ್ಟು ಬಿಡಿಸಿ, ದಾರ ಕತ್ತರಿಸಿ, ಹದಿನಾರು ಪುಟದ ಒಂದೊಂದು ಫಾರಮ್ಮನ್ನೂ ಬೇರೆ ಮಾಡಿ ಕೊಡಬೇಕು. ಸ್ಕ್ಯಾನಿನವನು ಮಡಿಕೆ ಬಿಡಿಸಿ ಯಂತ್ರಕ್ಕೆ ತೋರಿಸಿ ವಾಪಸ್ಸು ಕೊಡುತ್ತಾನೆ. ಮತ್ತೆ ಮಡಚಿ, ದಬ್ಬಳಕ್ಕೆ ದಾರ ಪೋಣಿಸಿ, ಫಾರಮ್ಮಿಗೆ ಫಾರಮ್ಮು ಹೆಣೆದು, ಬೆನ್ನಿಗೆ ಅಂಟು ಬಳಿದು ರಟ್ಟಿಗೆ ಸೇರಿಸಬೇಕು. ಬಿಚ್ಚುವ ಮೊದಲು ಪ್ರತಿ ಪುಸ್ತಕವನ್ನೂ ಬೆನ್ನ ಮೇಲೆ ನಿಲ್ಲಿಸಿ ಕೈಬಿಡುತ್ತಿದ್ದಳು. ಅದು ತಾನಾಗಿ ಒಂದು ಕಡೆ ತೆರೆದುಕೊಳ್ಳುತ್ತಿತ್ತು. ನೂರಾರು ಜನ ಓದುತ್ತ ಓದುತ್ತ ನಿಂತುಹೋದ ಜಾಗ ಅದು. ಒಂದು ದಪ್ಪ ಕಾದಂಬರಿ ತಾಯಿ ಸಾಯುವ ಪುಟಕ್ಕೆ ತೆರೆದುಕೊಂಡಿತು. ಹಡಗಿನ ಪ್ರವಾಸದ ಪುಸ್ತಕವೊಂದು ನಾವಿಕನ ಪ್ರೇಮಪತ್ರಕ್ಕೆ ತೆರೆದುಕೊಂಡಿತು, ಪತ್ರದ ಕೆಳಗೆ ಯಾರೋ ಪೆನ್ಸಿಲಿನಲ್ಲಿ ‘ಸುಳ್ಳ’ ಅಂತ ಬರೆದಿದ್ದರು. ಬೈಂಡರಮ್ಮ ಕೆಲಸದ ನಡುವೆಯೇ ಕಿಸಕ್ಕನೆ ನಕ್ಕಳು.

ಸಂಜೆ ಐದಕ್ಕೆ ಎಣಿಸಿದರೆ ಒಂಬತ್ತು. ಉಳಿದ ಮೂವತ್ತೊಂದಕ್ಕೂ ಜವಾನ ಹುರಿ ಕಟ್ಟಿ ಜಗಲಿಗೆ ಹೊತ್ತ. ಅವಳು ಅಂಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಗಳಗಳ ಅತ್ತುಬಿಟ್ಟಳು. ಅಳಬಾರದು ಅಂತ ಅವರು ಹೇಳಿದ್ದರು, ಸರಿ. ಅಳುವುದಕ್ಕೂ ಅಪ್ಪಣೆ ಬೇಕೇನು?

ಮಾರನೆಯ ದಿನ ಬಾಗಿಲು ತೆರೆಯುವ ಹೊತ್ತಿಗೆ ಎಂದಿನಂತೆ ಪೇಪರ್ ತಾತ ಮೆಟ್ಟಿಲ ಮೇಲೆ ಹಾಜರಿದ್ದರು. ಇದ್ದಬದ್ದ ದಿನಪತ್ರಿಕೆಗಳನ್ನೆಲ್ಲ ಟೆಂಡರ್ ಪ್ರಕಟಣೆಯ ಸಮೇತ ಓದದೆ ಮನೆಗೆ ಹೋಗುವ ಆಸಾಮಿಯಲ್ಲ ಅವರು.

“ಏನಮ್ಮಾ, ಕಣ್ಣು ಯಾಕೆ ಹೀಗೆ ಊದಿದೆ?”

ಬೈಂಡರಮ್ಮ ಒಂದೇ ಉಸಿರಿಗೆ ಎಲ್ಲಾ ಹೇಳಿದಳು. ತಾತ ಕೈಯಲ್ಲಿದ್ದ ಪತ್ರಿಕೆ ಮಡಚಿಟ್ಟರು. ಓದದೆ ಅವರು ಪತ್ರಿಕೆ ಮಡಚಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

“ದಬ್ಬಳ ಒಂದೇ ಇದೆಯೋ, ಇನ್ನೂ ಇದಾವೋ?”

“ಏಳಿದಾವೆ. ಯಾಕೆ ತಾತ?”

“ಯಾಕೆ ಅಂತೆ! ಕೂತ್ಕೊಂಡು ಹೇಳ್ಕೊಡು.”

ತಾತ ಹೊಲಿಯಲು ಕೂತರು. ಮೊದಲ ಪುಸ್ತಕಕ್ಕೆ ಎರಡು ಗಂಟೆ ಹಿಡಿಯಿತು, ಹೆಬ್ಬೆರಳಿಗೆ ಮೂರು ಸಲ ಚುಚ್ಚಿಕೊಂಡರು, ಪ್ರತಿ ಸಲವೂ ಕಾರ್ಯದರ್ಶಿಗಳ ಹೆಸರು ಹಿಡಿದು ಬೈದರು. ಮಧ್ಯಾಹ್ನ ಆಸ್ಪತ್ರೆ ಡ್ಯೂಟಿ ಮುಗಿಸಿ ಪುಸ್ತಕ ಬದಲಿಸಲು ಬಂದ ನರ್ಸೊಬ್ಬಳು ಬಾಗಿಲಲ್ಲೇ ನಿಂತು ನೋಡಿದಳು. “ಕೊಡಿ ಇಲ್ಲಿ. ಮನುಷ್ಯರಿಗೇ ಹೊಲಿಗೆ ಹಾಕಿದೀನಿ. ಇದು ಅಯ್ಯೋ ಅಮ್ಮಾ ಅಂತ ಕಿರುಚೋದೂ ಇಲ್ಲ,” ಅಂತ ಸೆರಗು ಸಿಕ್ಕಿಸಿ ಕೂತೇಬಿಟ್ಟಳು. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಮೂರನೆಯ ದಿನ ದರ್ಜಿಯೊಬ್ಬ ತನ್ನದೇ ಬೆರಳುಟೋಪಿ ತಂದ. ನಾಲ್ಕನೆಯ ದಿನ ಓದುವ ಮೇಜಿನ ಸುತ್ತ ಹದಿನಾಲ್ಕು ಜನ, ದಬ್ಬಳ ಸಾಲದೆ ಕೌದಿ ಹೊಲಿಯುವ ಸೂಜಿ ಬೇರೆ ಬಂದವು. ಸ್ಕ್ಯಾನಿನವನು ಯಾರಿಗೂ ಕೇಳದ ಹಾಗೆ, “ಅಕ್ಕಾ, ಪುಟ ಒಂದೂ ಹಿಂದೆಮುಂದೆ ಆಗದ ಹಾಗೆ ಜೋಡಿಸೇ ಕೊಡ್ತೀನಿ ಬಿಡಿ,” ಅಂದ. ಆ ಸಂಜೆ ನಲವತ್ತಕ್ಕೆ ನಲವತ್ತೂ ರಟ್ಟು ಸೇರಿದವು.

ಆದರೆ ಮೊದಲ ಮೂರು ದಿನ ಸೋತದ್ದು ಅರವತ್ತೆಂಟು ಪುಸ್ತಕ. ಅವು ಜಗಲಿಯಲ್ಲಿ ಬಿದ್ದಿದ್ದವು. ಐದನೆಯ ದಿನ ಬೈಂಡರಮ್ಮ ತಾನೇ ಹೋಗಿ ಒಂದು ಕಟ್ಟು ಎತ್ತಿಕೊಂಡು ಬಂದಳು.

“ಅದು ರದ್ದಿ, ಅಲ್ಲೇ ಇಡಿ!” ಅಂತ ಕಾರ್ಯದರ್ಶಿಗಳು ಕಿಟಕಿಯಿಂದ ಕೂಗಿದರು.

“ಲಾರಿ ಹತ್ತಿದ ಮೇಲೆ ರದ್ದಿ ಸಾರ್. ಅಲ್ಲೀವರೆಗೂ ಪುಸ್ತಕ,” ಅಂದವಳೇ ತಿರುಗಿಯೂ ನೋಡದೆ ಒಳಗೆ ನಡೆದಳು. ತನ್ನ ಧೈರ್ಯಕ್ಕೆ ತಾನೇ ಬೆರಗಾದಳು. ಅಲ್ಲಿಂದ ದಿನದ ನಲವತ್ತರ ಜೊತೆಗೆ ಜಗಲಿಯ ಕಟ್ಟುಗಳೂ ಒಂದೊಂದಾಗಿ ಮೇಜಿಗೆ ಬಂದವು.

ಹನ್ನೆರಡನೆಯ ದಿನ ನಾಲ್ಕೂವರೆಗೆ ಲಾರಿ ಬಂತು. ಜಗಲಿಯಲ್ಲಿ ಹುರಿಯ ತುಂಡು ಬಿಟ್ಟರೆ ಏನೂ ಇರಲಿಲ್ಲ. ನಾನೂರ ಎಂಬತ್ತೂ ಕಪಾಟಿನಲ್ಲಿದ್ದವು, ಕೆಲವು ಸೊಟ್ಟಗೆ, ಕೆಲವಕ್ಕೆ ಅಂಟು ಆಚೆ ಒಸರಿ, ನಾಲ್ಕೈದಕ್ಕೆ ಕೆಂಪು ದಾರ. ಕಾರ್ಯದರ್ಶಿಗಳ ಮುಖ ಹುಳ್ಳಗಾಯಿತು. ಕೈಗೆ ಸಿಕ್ಕಿದ್ದನ್ನು ತೆಗೆದು ಎಳೆದು ಜಗ್ಗಿ ನೋಡಿದರು. ಯಾವುದೂ ಬಿಟ್ಟುಕೊಳ್ಳಲಿಲ್ಲ. ಕೊನೆಗೆ ಒಂದು ಪುಸ್ತಕದಲ್ಲಿ ಅವರಿಗೆ ಬೇಕಾದದ್ದು ಸಿಕ್ಕಿತು.

“ನೋಡಿ! ನೂರ ಹದಿಮೂರನೇ ಪುಟದಿಂದ ಒಂದು ಫಾರಮ್ಮು ಪೂರ್ತಿ ತಲೆಕೆಳಗು! ಯಾವನ್ರೀ ಓದ್ತಾನೆ ಇದನ್ನ?”

“ನಾನು,” ಅಂದರು ತಾತ. “ಹೊಲಿದದ್ದೂ ನಾನೇ. ಅಲ್ಲಿಗೆ ಬಂದಾಗ ಪುಸ್ತಕ ತಿರುಗಿಸಿಕೊಳ್ತೀನಿ, ಹದಿನಾರು ಪುಟ ಆದ್ಮೇಲೆ ಮತ್ತೆ ನೆಟ್ಟಗೆ ಮಾಡ್ಕೊಳ್ತೀನಿ. ನಿಮ್ಮ ಫೋನ್ ತಿರುಗಿಸಿ ನೋಡಿ, ಅಕ್ಷರಾನೂ ನಿಮ್ಮ ಹಿಂದೇನೇ ತಿರುಗುತ್ತೆ. ಇದು ಜಪ್ಪಯ್ಯ ಅಂದ್ರೂ ತಿರುಗಲ್ಲ. ಅದಕ್ಕೇ ನನಗಿಷ್ಟ. ರಟ್ಟಿನೊಳಗೆ ಗಟ್ಟಿಯಾಗಿದೆಯೋ ಇಲ್ವೋ, ಅದನ್ನ ಹೇಳಿ.”

ಗಟ್ಟಿಯಾಗಿತ್ತು. ಮೇಜಿನ ಸುತ್ತ ಇದ್ದವರು ಗೊಳ್ಳೆಂದರು. ಕಾರ್ಯದರ್ಶಿಗಳು ಬೈಂಡರಮ್ಮನ ಕಡೆ ತಿರುಗಿದರು. ಅವರ ದನಿ ತಣ್ಣಗಿತ್ತು.

“ಗ್ರಂಥಾಲಯದ ಸೊತ್ತನ್ನ ಹೊರಗಿನವರ ಕೈಗೆ ಕೊಟ್ಟಿದೀರಿ. ನಾಳೆಯಿಂದ ನೀವು ಕೆಲಸಕ್ಕೆ ಬರೋದು ಬೇಡ.”

ಇಪ್ಪತ್ತಾರು ವರ್ಷ! ನರ್ಸು ಏನೋ ಹೇಳಲು ಬಾಯಿ ತೆರೆದಳು, ಬೈಂಡರಮ್ಮ ಬೇಡವೆಂದು ಕೈ ಮಾಡಿದಳು. ಕಿಟಕಿಯಾಚೆ ಲಾರಿಯವನು ಗೊಣಗುತ್ತ ಖಾಲಿ ಲಾರಿಯನ್ನು ಹಿಂದಕ್ಕೆ ತೆಗೆಯುತ್ತಿದ್ದ. ಅದು ಗೇಟು ದಾಟುವವರೆಗೂ ನೋಡಿದಳು. ಆಮೇಲೆ ಒಳಗೆ ಹೋಗಿ, ಹಿಂದಿನ ಕೋಣೆಯ ಬೀಗದಕೈ ತಂದು ಕಾರ್ಯದರ್ಶಿಗಳ ಮುಂದಿಟ್ಟಳು. ಕೈ ತೊಳೆದುಕೊಂಡು ಬಂದಳು. ಕೌಂಟರಿನ ಈ ಕಡೆ, ಓದುಗರು ನಿಲ್ಲುವಲ್ಲಿ ನಿಂತು ಸದಸ್ಯತ್ವದ ಅರ್ಜಿಯೊಂದನ್ನು ಎಳೆದು ತುಂಬಿದಳು. ಉದ್ಯೋಗ ಅನ್ನುವ ಜಾಗದಲ್ಲಿ ಬೈಂಡರ್ ಅಂತಲೇ ಬರೆದಳು.

“ಇದೇನಿದು?”

“ಅರ್ಜಿ ಸಾರ್. ಊರಲ್ಲಿರೋರು ಯಾರು ಬೇಕಾದ್ರೂ ಸದಸ್ಯರಾಗಬಹುದು, ನಿಮ್ಮ ನಿಯಮದಲ್ಲೇ ಇದೆ. ಸಹಿ ಹಾಕಿ.”

ಹದಿನಾಲ್ಕು ಜೊತೆ ಕಣ್ಣು ಅವರ ಪೆನ್ನಿನ ಮೇಲಿತ್ತು. ಹಲ್ಲು ಕಚ್ಚಿಕೊಂಡು ಸಹಿ ಹಾಕಿದರು.

ಬೈಂಡರಮ್ಮ ಕಪಾಟಿನ ಹತ್ತಿರ ಹೋಗಿ ಅವಸರವಿಲ್ಲದೆ ಆರಿಸಿ ಒಂದು ಪುಸ್ತಕ ತೆಗೆದಳು. ಕಿಟಕಿ ಪಕ್ಕದ ಕುರ್ಚಿ ಎಳೆದು ಕೂತು ಮೊದಲ ಪುಟ ತೆರೆದಳು.

“ಐದಕ್ಕೆ ಬಾಗಿಲು ಹಾಕ್ತೀವಿ,” ಅಂದರು ಕಾರ್ಯದರ್ಶಿಗಳು.

“ಇನ್ನೂ ಹತ್ತು ನಿಮಿಷ ಇದೆ,” ಅಂದಳು ಅವಳು, ತಲೆ ಎತ್ತದೆ.