ಸೇತುವೆ ಮೆಟ್ಟಿಲ ಜಾಗ

ಉಬೊನ್ ಬೆರಳ ಗೆಣ್ಣಿನಿಂದ ಶವಪೆಟ್ಟಿಗೆಯನ್ನು ಮೂರು ಸಲ ತಟ್ಟಿ, "ಏಳಮ್ಮ, ಊಟ ತಂದಿದೀನಿ" ಅಂದಳು. ಅನ್ನದ ತಟ್ಟೆಯನ್ನು ಪೆಟ್ಟಿಗೆಯ ಬುಡದಲ್ಲಿಟ್ಟಳು. ಸುಡುವವರೆಗೂ ಸತ್ತವರನ್ನು ಹೀಗೆಯೇ ತಟ್ಟಿ ಕರೆದು ಉಣ್ಣಿಸಬೇಕು. ನಾಲ್ಕು ದಿನದಿಂದ ಹೊತ್ತುಹೊತ್ತಿಗೆ ಕರೆಯುತ್ತಿದ್ದಳು. ಬದುಕಿದ್ದಾಗ ತಾಯಿಯನ್ನು ಇಷ್ಟು ಸಲ ಉಂಡೆಯಾ ಎಂದು ಕೇಳಿದವಳಲ್ಲ.

ತಾಯಿ ಲಮ್ದುವಾನ್ ಸತ್ತದ್ದು ಮಂಗಳವಾರ. ಹೆಣವನ್ನು ಮೂರು ರಾತ್ರಿ ಮನೆಯಲ್ಲಿಟ್ಟುಕೊಳ್ಳಬೇಕು, ಶುಕ್ರವಾರ ಯಾರೂ ಸುಡುವುದಿಲ್ಲವಾದ್ದರಿಂದ ಕಾರ್ಯ ಶನಿವಾರಕ್ಕೆ ಬಂತು. ಶನಿವಾರವೆಂದರೆ ಕಾಲುವೆಯಲ್ಲಿ ದೋಣಿಸಂತೆ. ತನ್ನನ್ನು ತನ್ನ ದೋಣಿಯಲ್ಲೇ ಹೆಣ ಸುಡುವ ಬೌದ್ಧ ವಿಹಾರಕ್ಕೆ ಒಯ್ಯಬೇಕೆಂದು ಮುದುಕಿ ಮಗಳಿಂದ ಮಾತು ತೆಗೆದುಕೊಂಡಿದ್ದಳು. ಆದರೆ ಆ ದೋಣಿ ಸೇತುವೆಯ ಮೆಟ್ಟಿಲ ಮುಂದೆ ನಿಂತು ಅಕ್ಕಿ ಶ್ಯಾವಿಗೆ ಮಾರಬೇಕು. ಶನಿವಾರ ಒಲೆ ಹೊತ್ತದಿದ್ದರೆ ಜಾಗ ಹೋಯಿತು, ಮೊದಲು ನುಗ್ಗಿದವರ ಪಾಲಾಯಿತು. ಸಂತೆಯ ಕಟ್ಟಳೆಗೆ ಸಾವೂ ಒಂದೇ, ಸೋಮಾರಿತನವೂ ಒಂದೇ. ಬಸ್ಸಿಳಿದ ಪ್ರವಾಸಿಗಳೆಲ್ಲ ಮೊದಲು ಕಾಲಿಡುವುದು ಆ ಮೆಟ್ಟಿಲ ಮೇಲೆಯೇ.

ಹತ್ತು ಗಂಟೆ ದಾಟಿದರೆ ಕಾಲುವೆಯ ನೀರು ಇಳಿಯುತ್ತದೆ, ಅಷ್ಟರೊಳಗೆ ಹೆಣ ಹೊರಡಬೇಕು. ಉಬೊನ್ ಕೈ ಕೈ ಹಿಸುಕಿಕೊಳ್ಳುತ್ತಿದ್ದಾಗ ಚಕ್ಕೋತ ಮಾರುವ ಮುದುಕಿ ಸಾಯೂದ್ ಪಕ್ಕಕ್ಕೆ ಬಂದು ಕೂತಳು.

"ನನ್ನ ದೋಣಿ ದೊಡ್ಡದು. ನಿಮ್ಮಮ್ಮನ್ನ ನಾನು ಕರ್ಕೊಂಡ್ ಹೋಗ್ತೀನಿ. ನೀನು ಜಾಗ ಕಾಯಿ, ಸುಡೋ ಹೊತ್ತಿಗೆ ಬಂದ್ರೆ ಸಾಕು."

ನೆರೆದವರು ಸಾಯೂದಳ ದೊಡ್ಡ ಮನಸ್ಸನ್ನು ಹೊಗಳಿದರು. ತಾಯಿಗೆ ಕೊಟ್ಟ ಮಾತನ್ನು ಯಾರೂ ಎತ್ತಲಿಲ್ಲ. ಉಬೊನ್ ಸಾಯೂದಳ ಕಾಲಿಗೆ ಬಿದ್ದು, ಸೌಟು ಹುಡುಕಿಕೊಂಡು ಓಡಿದಳು.

*

ಇಪ್ಪತ್ತಾರು ವರ್ಷದ ಹಿಂದೆ ಮೆಟ್ಟಿಲ ಮುಂದಿನ ಜಾಗ ಸಾಯೂದಳದು. ಅವಳ ಒಬ್ಬಳೇ ಮಗಳು ಆರನೆಯ ವಯಸ್ಸಿಗೆ ಕಾಲುವೆಯಲ್ಲಿ ಮುಳುಗಿ ಸತ್ತಳು. ಆ ಮಗುವನ್ನು ಸುಟ್ಟದ್ದೂ ಶನಿವಾರವೇ. ಅಂದು ಸಾವಿನ ಮನೆಗೆ ಲಮ್ದುವಾನ್ ಒಂದು ದೊಡ್ಡ ಪಾತ್ರೆ ಶ್ಯಾವಿಗೆ ಕಳಿಸಿದಳು. ಬಂದವರು ಉಂಡು, ನೆರೆಯವಳೆಂದರೆ ಹೀಗಿರಬೇಕು ಅಂದರು. ಆ ಶ್ಯಾವಿಗೆ ಬೆಂದ ಒಲೆ ಯಾವ ಜಾಗದಲ್ಲಿ ಹೊತ್ತಿತ್ತು ಎಂದು ಯಾರೂ ಕೇಳಲಿಲ್ಲ.

ಮುಂದಿನ ಶನಿವಾರ ಸಾಯೂದ್ ದೋಣಿ ತಂದಾಗ ಲಮ್ದುವಾನ್ ತಲೆ ಎತ್ತಲಿಲ್ಲ. "ಖಾಲಿ ಇತ್ತು, ಬಂದೆ. ನಿಂಗೇನು, ಇನ್ಯಾರಿಗೋಸ್ಕರ ದುಡೀಬೇಕು?" ಅಂದಳು.

ಸಾಯೂದ್ ದೋಣಿ ತಿರುಗಿಸಿದಳು. ಆಮೇಲೆ ಹಿಂದಿನ ತಿರುವಿನಲ್ಲಿ, ಯಾರೂ ಸುಳಿಯದ ಕಡೆ, ಕೆಡದ ಚಕ್ಕೋತ ಇಟ್ಟುಕೊಂಡು ಕೂತಳು. ಪ್ರತಿ ಶನಿವಾರ ಮೆಟ್ಟಿಲ ಮುಂದೆ ಹಾದುಹೋಗುವಾಗ ಇಬ್ಬರೂ ಕೈ ಜೋಡಿಸಿ ನಕ್ಕು ಮಾತಾಡಿಸುತ್ತಿದ್ದರು.

*

ಉಬೊನಳ ಸುತ್ತ ಗಿರಾಕಿಗಳು ಮುತ್ತಿದ್ದಾಗ ಹೆಣದ ಮೆರವಣಿಗೆ ಬಂತು. ಮುಂದಿನ ದೋಣಿಯಲ್ಲಿ ಕೂತಿದ್ದ ಭಿಕ್ಷು, ಶವಪೆಟ್ಟಿಗೆಗೆ ಕಟ್ಟಿದ ಬಿಳಿ ದಾರವನ್ನು ಹಿಡಿದಿದ್ದರು. ಅವರ ದೋಣಿ ಮುಂದೆ ಸಾಗಿತು. ಸಾಯೂದಳದು ಸಾಗಲಿಲ್ಲ. ಅವಳು ಪಕ್ಕಕ್ಕೆ ಹೊರಳಿ, ಉಬೊನಳ ದೋಣಿಗೆ ತನ್ನ ದೋಣಿ ತಾಗಿಸಿ, ಹಗ್ಗ ಬಿಗಿದಳು. ದಾರ ತುಂಡಾಯಿತು.

ಗಿರಾಕಿಗಳು ಅರ್ಧ ತಿಂದ ಬಟ್ಟಲು ಬಿಟ್ಟು ಮೆಟ್ಟಿಲು ಹತ್ತಿದರು. ಮೇಲೆ ಹೋದ ಮೇಲೆ ಧೈರ್ಯ ಬಂದು ಫೋನು ತೆಗೆದರು.

"ಇಲ್ಲಿ ಬೇಡ ಅತ್ತೆ, ಮುಂದೆ ಹೋಗಿ," ಉಬೊನ್ ಮೆಲ್ಲಗೆ ಅಂದಳು.

"ಯಾಕಮ್ಮ ಅವಸರ? ನಿಮ್ಮಮ್ಮಂಗೆ ಹಸಿವಾಗಿದೆ." ಸಾಯೂದ್ ಹುಟ್ಟಿನ ಹಿಡಿಯಿಂದ ಪೆಟ್ಟಿಗೆಯನ್ನು ಮೂರು ಸಲ ತಟ್ಟಿದಳು. "ಏಳು ಲಮ್ದುವಾನ್. ನಿನ್ನ ಜಾಗಕ್ಕೆ ಬಂದ್ವಿ."

ಉಬೊನ್ ಸುತ್ತ ನೋಡಿದಳು. ಅಕ್ಕಪಕ್ಕದ ದೋಣಿಗಳ ಹೆಂಗಸರ ಕಣ್ಣು ಹೆಣದ ಮೇಲಿರಲಿಲ್ಲ, ಅವಳ ಒಲೆಯ ಮೇಲಿತ್ತು. ಅವಳು ಕೂತಲ್ಲಿಂದ ಏಳದೆ ಬಟ್ಟಲಿಗೆ ಶ್ಯಾವಿಗೆ ಹಾಕಿ ಸಾರು ಸುರಿದಳು.

"ಖಾರ ಹಾಕ್ಲಾ?" ಬಾಯಿ ತಾನಾಗಿಯೇ ಕೇಳಿತು.

"ಹಾಕು. ಅವಳು ಯಾರಿಗೂ ಕಮ್ಮಿ ಹಾಕಿದವಳಲ್ಲ."

ಉಬೊನ್ ಬಲಗೈಯಿಂದ ಬಟ್ಟಲನ್ನು ತಾಯಿಯ ಪೆಟ್ಟಿಗೆಯ ಮೇಲಿಟ್ಟಳು. ಎಡಗೈ ರೂಢಿಯಂತೆ ದುಡ್ಡಿಗೆ ಚಾಚಿತ್ತು.