ಕಟ್ಟು ಬಿಚ್ಚದ ಪರಮಾಣುಗಳು

ಪ್ಲಾಟಿನಮ್ಮಿನ ಆ ಸಣ್ಣ ಕಣ ಆಮ್ಲದಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಶ್ರಾವ್ಯಾಳ ಕಂಪ್ಯೂಟರ್ ಲೆಕ್ಕ ಹಾಕಿ ಹೇಳಿತ್ತು. ಆ ಮಾತು ನಂಬಿ ಜೂನಿಯರ್ ದಾನೇಶ್ವರಿ ಅಂಥವೇ ಕಣಗಳನ್ನು ತಯಾರಿಸಿ, ಆಮ್ಲದಲ್ಲಿಟ್ಟು ಕರೆಂಟ್ ಕೊಟ್ಟರೆ ಪ್ರತಿಸಲವೂ ಕರಗುತ್ತಿದ್ದವು. ತಪ್ಪು ಕಂಪ್ಯೂಟರಿನದಂತೂ ಅಲ್ಲವೆಂದು ಲ್ಯಾಬಿನಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಬೀಕರು ಸರಿಯಾಗಿ ತೊಳೆಯುವುದಿಲ್ಲ ಎಂದು ಗೈಡ್ ಬೈದಾಗ ಶ್ರಾವ್ಯಾಳೂ ದನಿಗೂಡಿಸಿದ್ದಳು. ಪಾಪ, ಆ ಹುಡುಗಿ ಆಂಟಾಪ್ ಹಿಲ್‌ನ ಬಾಡಿಗೆ ಕೋಣೆಯಿಂದ ಎಲ್ಲರಿಗಿಂತ ಮೊದಲೇ ಬಂದು ತೊಳೆದದ್ದನ್ನೇ ತೊಳೆಯುತ್ತಿದ್ದಳು.

ಇವತ್ತು ಬೆಳಿಗ್ಗೆ ಲೇಖನಕ್ಕೊಂದು ಚಿತ್ರ ಬೇಕೆಂದು ಶ್ರಾವ್ಯಾ ಆ ಲೆಕ್ಕವನ್ನು ತೆರೆದಳು. ಪರದೆಯ ಮೇಲೆ ಆಮ್ಲದಲ್ಲಿನ ನೀರಿನ ಅಣುಗಳು ಕುಣಿಯುತ್ತಿದ್ದವು, ಪ್ಲಾಟಿನಮ್ ಮಾತ್ರ ಮಿಸುಕುತ್ತಿರಲಿಲ್ಲ. ಅವಳು ಲೆಕ್ಕದ ಹಳೆಯ ಸೆಟ್ಟಿಂಗುಗಳನ್ನು ತೆರೆದು ನೋಡಿದಳು.

ಸುತ್ತ ನೀರು ಹೊಂದಿಕೊಳ್ಳುವವರೆಗೆ ಲೋಹದ ಪರಮಾಣುಗಳನ್ನು ಇದ್ದಲ್ಲೇ ಕಟ್ಟಿಹಾಕುವುದು ಇಂಥ ಕಂಪ್ಯೂಟರ್ ಲೆಕ್ಕದ ರೂಢಿ. ಆಮೇಲೆ ಕಟ್ಟು ಬಿಚ್ಚಬೇಕು. ಅವಳು ಬಿಚ್ಚಿರಲೇ ಇಲ್ಲ. ಕೊನೆಯ ಆಕಾರವನ್ನಷ್ಟೇ ನೋಡಿ ಖುಷಿಪಟ್ಟಿದ್ದಳು. ಒಬ್ಬನನ್ನು ಕೈಕಾಲು ಕಟ್ಟಿ ಕೂರಿಸಿ, ಇವನು ಎಲ್ಲಿಗೂ ಓಡಿಹೋಗಲಿಲ್ಲ ನೋಡಿ ಎಂದು ಬೀಗಿದ ಹಾಗೆ.

ಕಟ್ಟು ಬಿಚ್ಚಿ ಲೆಕ್ಕವನ್ನು ಮತ್ತೆ ಓಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಮೂಲೆಯ ಪರಮಾಣುಗಳು ಒಂದೊಂದಾಗಿ ಕಳಚಿ ನೀರಿಗಿಳಿದವು. ಲೇಖನ ಕಳಿಸಿದ ಮೇಲೆ ಹೇಳಿದರಾಯಿತು ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೇ ತನ್ನ ಮೇಲೆ ಅಸಹ್ಯವಾಯಿತು.

ಅಷ್ಟರಲ್ಲಿ ದಾನೇಶ್ವರಿಯೇ ಬಂದಳು. "ಅಕ್ಕಾ, ಪಿಎಚ್.ಡಿ. ಬಿಡ್ತೀನಂತ ಸರ್‌ಗೆ ಹೇಳಿ ಬರ್ತೀನ್ರಿ. ನನ್ನಿಂದ ನಿಮ್ಮ ಲೆಕ್ಕಾನೂ ಹಾಳಾಗಲಿಕತ್ತದ."

"ನಿಲ್ಲು ಮಾರಾಯ್ತಿ! ಗಲ್ತಿ ನಂದು. ನಿಂದು ಎಂತದೂ ಇಲ್ಲ," ಎಂದು ಶ್ರಾವ್ಯಾ ಪರದೆ ತಿರುಗಿಸಿ ಎಲ್ಲವನ್ನೂ ಹೇಳಿದಳು.

ದಾನೇಶ್ವರಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಫೋನು ತೆಗೆದು ನಂಬರ್ ಒತ್ತಿ ಶ್ರಾವ್ಯಾಳ ಕೈಗಿಟ್ಟಳು. "ನನಗ ಈ ಕೆಲಸ ಬರೂದಿಲ್ಲ, ಬಿಡ್ತೀನಂತ ಮುಂಜಾನೆ ಅವ್ವಗ ಹೇಳೇ ಬಂದೀನ್ರಿ. ಭಾಳ ಅತ್ತಳು. ಈಗ ಖರೇ ಏನಂತ ಆಕಿಗೆ ನೀವೇ ಹೇಳ್ರಿ."

ಶ್ರಾವ್ಯಾ ಫೋನು ಕಿವಿಗಿಟ್ಟುಕೊಂಡಳು. ಅವಳ ಬಿಕ್ಕು ಮಾತ್ರ ಆಚೆಗೆ ಕೇಳಿಸಿತು.

"ಅಳಬ್ಯಾಡ ನನ ಕಂದಾ," ಎಂದಳು ದಾನೇಶ್ವರಿಯ ಅವ್ವ ಸುಂದ್ರವ್ವ, ಬಿಕ್ಕಿದ್ದು ಮಗಳೇ ಎಂದುಕೊಂಡು. "ಎಲ್ಲಾರಿಗೂ ಎಲ್ಲಾ ಬರಬೇಕಂತ ಏನದ? ಬಂದುಬಿಡು ಮನೀಗಿ. ನಿನ್ನ ಯಾರೂ ಏನೂ ಅನ್ನಲ್ಲ."

"ಅಮ್ಮಾ, ನಾನು ಶ್ರಾವ್ಯಾ," ಎಂದಳು ಅವಳು. "ನಿಮ್ಮ ಮಗಳಿಗೆ ಎಲ್ಲ ಬರ್ತದೆ. ಬಾರದ್ದು ನನಗೆ."