ಎಳೆ ಹಿಡಿಯುವ ಕೈ

ಮಹಾಲಕ್ಷ್ಮಮ್ಮನ ಎಡಗೈ ಬೆರಳುಗಳ ನಡುವೆ ರೇಷ್ಮೆ ಎಳೆ ಹರಿಯುತ್ತಿತ್ತು. ಬಲಗೈ ರಾಟೆ ತಿರುಗಿಸುತ್ತಿತ್ತು. ಎಳೆ ಸುತ್ತಿಕೊಳ್ಳುವ ಕಂಡಿಕೆ ಅರ್ಧ ತುಂಬಿತ್ತು. ಗಂಡ ನಂಜುಂಡಯ್ಯ ಮಗ್ಗ ನಿಲ್ಲಿಸಿ ಪಕ್ಕದ ಮನೆಯ ರೋಜಾಳೊಡನೆ ವಾದಕ್ಕೆ ಇಳಿದಿದ್ದ. ರೋಜಾ ಮೈಸೂರಿನ ಆಸ್ಪತ್ರೆಯಲ್ಲಿ ನರ್ಸು. ರಜೆಗೆ ಕೊಳ್ಳೇಗಾಲಕ್ಕೆ ಬಂದಿದ್ದಳು.

ನಾಲ್ಕು ಹೆಜ್ಜೆ ನಡೆದರೆ ಮಹಾಲಕ್ಷ್ಮಮ್ಮನಿಗೆ ಎದೆ ಹಿಡಿಯುತ್ತಿತ್ತು. ಹೃದಯದ ರಕ್ತನಾಳ ಕಟ್ಟಿದೆಯೇ ಎಂದು ನೋಡಲು ಡಾಕ್ಟರು ಆಂಜಿಯೋಗ್ರಾಂ ಮಾಡಿಸಲು ಹೇಳಿದ್ದರು. ನಾಳೆಯೇ ಹೋಗಬೇಕು.

"ಕೈಯಿಂದ ಪೈಪು ತೂರುಸ್ತಾರಂತಲ್ಲವ್ವ! ನೇಯೋರ ಮನೇಲಿ ಕೈ ಕೆಟ್ರೆ ಇನ್ನೇನೈತೆ? ತೊಡೆಯಿಂದ್ಲೇ ಮಾಡ್ಲಿ," ಎಂದ ನಂಜುಂಡಯ್ಯ.

"ಮಗ್ಗ ತುಳಿಯೋದು ಯಾವುದ್ರಲ್ಲಿ ಭಾವ, ಮೂಗ್ನಲ್ಲಾ?" ರೋಜಾ ನಕ್ಕಳು. "ಮಣಿಕಟ್ಟಿನ ರಕ್ತನಾಳ ಮೇಲೇ ಐತೆ. ಒತ್ತಿ ಕಟ್ಟಿದ್ರೆ ರಕ್ತ ನಿಲ್ತದೆ, ಬೇಗ ಎದ್ದು ಕೂರಬೌದು. ತೊಡೇಲಿ ರಕ್ತ ಒಸರೋದು ಜಾಸ್ತಿ, ಕಾಲು ಅಲ್ಲಾಡಿಸದಂಗೆ ಮಲಗ್ಬೇಕು. ಅಂಗಂತ ಎಲ್ರಿಗೂ ಕೈಯೇ ಆಗಲ್ಲ. ನಾಡಿ ನೋಡಿ ಡಾಕ್ಟ್ರು ಏಳ್ತಾರೆ."

"ಅದ್ರಿಂದ ಲಕ್ವ ಒಡೀತದಂತೆ?" ನಂಜುಂಡಯ್ಯ ಬಿಡಲಿಲ್ಲ.

"ಎಲ್ಲಿಂದ ಮಾಡಿದ್ರೂ ಅದು ಬಲು ಅಪರೂಪ. ಆದ್ರೆ ಮೊದ್ಲೇ ಲಕ್ವ ಒಡೆದಿದ್ರೆ ಡಾಕ್ಟ್ರಿಗೆ ಏಳ್ಬೇಕು. ಒಂದು ಗಳಿಗೆ ಕೈ ಸೋತು ಸರಿಯೋಗಿದ್ರೂ ಏಳ್ಬೇಕು. ಅಕ್ಕ, ನಿಂಗೆ ಅಂಗೇನಾದ್ರೂ ಆಗಿತ್ತಾ?"

"ಇವಳಿಗಾ? ಗುಂಡುಕಲ್ಲಂಗವಳೆ!" ಉತ್ತರ ಕೊಟ್ಟವನು ನಂಜುಂಡಯ್ಯ.

ರಾಟೆ ನಿಲ್ಲಲಿಲ್ಲ. ಹೋದ ತಿಂಗಳು ಇದೇ ಎಡಗೈಯಿಂದ ಕಂಡಿಕೆ ಜಾರಿತ್ತು. ಎತ್ತಿಕೊಳ್ಳಲು ಹೋದರೆ ಬೆರಳು ಮಾತು ಕೇಳಲಿಲ್ಲ. ಗಂಡನನ್ನು ಕೂಗೋಣವೆಂದರೆ ನಾಲಿಗೆ ಹೊರಳಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಎಲ್ಲ ಸರಿಯಾಗಿತ್ತು. ಹೇಳಿದರೆ ರಾಟೆ ಮುಟ್ಟಬೇಡ ಅನ್ನುತ್ತಾರೆ. ಆಮೇಲೆ ಈ ಮನೆಯಲ್ಲಿ ತಾನು ಏನು?

"ಆಯ್ತು ಬುಡವ್ವ, ಕೈಯೋ ಕಾಲೋ, ಡಾಕ್ಟ್ರು ಏಳ್ದಂಗೇ ಆಗ್ಲಿ," ಎಂದು ನಂಜುಂಡಯ್ಯ ಮಗ್ಗಕ್ಕೆ ಮರಳಿದ.

ಎಳೆ ತುಂಡಾಯಿತು. ಮಹಾಲಕ್ಷ್ಮಮ್ಮ ಎರಡು ತುದಿ ಸೇರಿಸಿ ಹೊಸೆದು ಗಂಟು ಹಾಕಿದಳು. ನಾಳೆ ಡಾಕ್ಟರು ಕೇಳಿದಾಗ, ಗಂಡ ಬಾಯಿ ತೆರೆಯುವ ಮೊದಲೇ ಕೈ ಸೋತದ್ದನ್ನು ತಾನು ಹೇಳಬೇಕು. ಮತ್ತೆ ರಾಟೆ ತಿರುಗಿಸಿದಳು.

ಓದುತ್ತಿರುವ ತಾಯಿ, ನಿಮ್ಮ ಮೈಗೆ ಆದದ್ದು ನಿಮಗೆ ಗೊತ್ತು, ಬೇರೆಯವರಿಗಲ್ಲ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಅದು ತಾನಾಗಿಯೇ ಸರಿಹೋದರೂ, ಅದು ಲಕ್ವದ ಸೂಚನೆ, ನಾಳೆಗೆ ಇಡಬೇಡಿ. ಆಗಲೇ 108ಕ್ಕೆ ಕರೆ ಮಾಡಿ. ಆಂಜಿಯೋಗ್ರಾಂ ಎಂದಾಗ ಕೈಯಿಂದಲೋ ತೊಡೆಯಿಂದಲೋ, ಏಕೆ ಎಂದು ಕೇಳಿ. ಡಾಕ್ಟರು ನಿಮ್ಮನ್ನು ಕೇಳಿದರೆ ನೀವೇ ಉತ್ತರ ಕೊಡಿ.